ಜುಲಾಬು ನಿಂತ ಮೇಲೆ ಕಾಲು ಸೋತರೆ

2025ರ ಜನವರಿಯಲ್ಲಿ ಸೊಲ್ಲಾಪುರ ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಮುಗಿಸಿಕೊಂಡಿತ್ತು. ಅಷ್ಟರಲ್ಲೇ ಪುಣೆಯಿಂದ ಸುದ್ದಿ ಬರತೊಡಗಿತು. ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಧಾಯರಿ, ಕಿರ್ಕಟವಾಡಿಗಳ ಕಡೆಯ ಜನ ಹೊಟ್ಟೆ ಕೆಟ್ಟು ಮಲಗುತ್ತಿದ್ದರು, ವಾರ ಕಳೆಯುವಷ್ಟರಲ್ಲಿ ಕೈಕಾಲು ಸೋತು ಆಸ್ಪತ್ರೆ ಸೇರುತ್ತಿದ್ದರು. ಆ ತಿಂಗಳ ಕೊನೆಯ ವಾರದಲ್ಲಿ, ಪುಣೆಯಲ್ಲಿ ಸೋಂಕು ತಗಲಿತ್ತೆಂದು ಶಂಕಿಸಲಾದ ಒಬ್ಬರು ಸೊಲ್ಲಾಪುರದಲ್ಲಿ ತೀರಿಕೊಂಡರು. ಆ ಪ್ರಕೋಪದ ಮೊದಲ ಶಂಕಿತ ಸಾವು ಎಂದು ದಾಖಲಾದದ್ದು ಅದೇ. ಮುಂದೆ ಶಂಕಿತ ರೋಗಿಗಳ ಸಂಖ್ಯೆ 200 ದಾಟಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೋಗಿಗಳ ಮಲ ಪರೀಕ್ಷಿಸಿದಾಗ ಹಲವರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ, ಕೆಲವರಲ್ಲಿ ನೋರೋವೈರಸ್ ಕಂಡವು. ಬೊಟ್ಟು ಹೋದದ್ದು ಕುಡಿಯುವ ನೀರಿನ ಕಡೆಗೆ.

ರೋಗದ ಹೆಸರು ಗಿಲನ್-ಬಾರೆ ಸಿಂಡ್ರೋಮ್, ಪತ್ರಿಕೆಗಳ ಭಾಷೆಯಲ್ಲಿ ಜಿಬಿಎಸ್. ಇದು ಹೊಸದಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಗಿಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ವೈದ್ಯರು ಇಬ್ಬರು ಸೈನಿಕರ ಕಾಲು ಸೋತದ್ದನ್ನು ವಿವರಿಸಿ ಬರೆದಿದ್ದರು. ಸಾಮಾನ್ಯ ವರ್ಷಗಳಲ್ಲಿ ಒಂದು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ. ಆದರೆ ಸೊಲ್ಲಾಪುರ, ಅಕ್ಕಲಕೋಟದ ಮನೆಗಳಿಗೆ ಪುಣೆ ದೂರದ ಊರಲ್ಲ. ಓದಲು, ದುಡಿಯಲು ಹೋದ ಮಕ್ಕಳು ಅಲ್ಲಿದ್ದಾರೆ. ಹುತಾತ್ಮಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೋಗಿ ರಾತ್ರಿ ಬರುತ್ತದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರಗಳಂದು ಅಕ್ಕಲಕೋಟಕ್ಕೆ ಇಡೀ ಮಹಾರಾಷ್ಟ್ರ, ಕರ್ನಾಟಕದಿಂದ ಜನ ಹರಿದುಬರುತ್ತಾರೆ. ಹಾಗಾಗಿ ಹೊಟ್ಟೆಯ ಸೋಂಕು ಕಾಲಿನ ನರಕ್ಕೆ ಹೇಗೆ ಏರುತ್ತದೆ ಎಂಬುದು ಈ ಭಾಗದ ಮನೆಗಳು ತಿಳಿದಿರಬೇಕಾದ ಸಂಗತಿ. ಅದನ್ನು ಹಿಡಿದು ಹೊರಟರೆ, ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಸಂಧಿವಾತ, ಲೂಪಸ್‌ಗಳ ದಾರಿಯೂ ಕಾಣುತ್ತದೆ, ‘ಇದು ವಂಶದಿಂದ ಬರುತ್ತದೆಯೇ’ ಎಂಬ ಪ್ರಶ್ನೆಗೂ ಒಂದಷ್ಟು ಉತ್ತರ ಸಿಗುತ್ತದೆ.

ಶತ್ರುವಿನ ಗುರುತು, ನಮ್ಮದೇ ನರ

ಕ್ಯಾಂಪಿಲೋಬ್ಯಾಕ್ಟರ್ ಕೋಳಿಯ ಕರುಳಿನಲ್ಲಿ ಆರಾಮವಾಗಿ ಬದುಕುವ ಜೀವಿ. ಅರೆಬೆಂದ ಕೋಳಿಮಾಂಸ, ಕಾಯಿಸದ ಹಾಲು, ಹೊಲಸು ಸೇರಿದ ನೀರಿನ ಮೂಲಕ ಮನುಷ್ಯನ ಹೊಟ್ಟೆಗೆ ಬರುತ್ತದೆ. ಎರಡರಿಂದ ಐದು ದಿನದಲ್ಲಿ ಜ್ವರ, ಹೊಟ್ಟೆ ನುಲಿತ, ಭೇದಿ, ಕೆಲವೊಮ್ಮೆ ಭೇದಿಯಲ್ಲಿ ರಕ್ತ. ಬಹುಪಾಲು ಜನರಿಗೆ ವಾರದೊಳಗೆ ತಾನೇ ವಾಸಿಯಾಗುತ್ತದೆ.

ಈ ಬ್ಯಾಕ್ಟೀರಿಯಾದ ಕೆಲವು ತಳಿಗಳ ಮೈಮೇಲೆ ಒಂದು ಬಗೆಯ ಸಕ್ಕರೆ-ಕೊಬ್ಬಿನ ಅಣುಗಳಿವೆ. ಮನುಷ್ಯನ ನರತಂತುಗಳ ಮೇಲಿರುವ ಜಿಎಂ-1 ಎಂಬ ಅಣುವಿಗೂ ಇವುಗಳಿಗೂ ಗುರುತು ಸಿಗದಷ್ಟು ಹೋಲಿಕೆ. ಜಪಾನಿನ ನೊಬುಹಿರೊ ಯುಕಿ ಮತ್ತು ಸಂಗಡಿಗರು 1990ರ ದಶಕದಿಂದ ಈ ಹೋಲಿಕೆಯ ಬೆನ್ನುಹತ್ತಿದರು. 2004ರಲ್ಲಿ ಬ್ಯಾಕ್ಟೀರಿಯಾದ ಅದೇ ಅಣುವನ್ನು ಮೊಲಗಳಿಗೆ ಕೊಟ್ಟಾಗ ಮೊಲಗಳ ಕಾಲುಗಳೂ ಸೋತವು. ದೇಹದ ರಕ್ಷಣಾ ವ್ಯವಸ್ಥೆ ಸೋಂಕನ್ನು ಹೊಡೆಯಲು ತಯಾರಿಸಿದ ಪ್ರತಿಕಾಯಗಳು, ಕಳ್ಳನ ಅಂಗಿಯ ಬಣ್ಣವಷ್ಟೇ ಗೊತ್ತಿರುವ ಪೊಲೀಸರು ಅದೇ ಬಣ್ಣದ ಅಂಗಿ ತೊಟ್ಟ ಮನೆಯ ಯಜಮಾನನಿಗೇ ಲಾಠಿ ಬೀಸಿದಂತೆ, ಸ್ವಂತ ನರಗಳ ಮೇಲೆ ಬೀಳುತ್ತವೆ. ಜುಲಾಬು ನಿಂತು ಒಂದರಿಂದ ಮೂರು ವಾರದೊಳಗೆ ಕಾಲು ಸೋಲುವುದು ಇದಕ್ಕೇ. ಪ್ರತಿಕಾಯ ತಯಾರಾಗಲು ಅಷ್ಟು ಸಮಯ ಬೇಕು.

ಇಂಥ ತಪ್ಪು ಗುರುತಿನ ನೆನಪು ನಮ್ಮ ಹಿರಿಯರಿಗೂ ಇದೆ, ಬೇರೊಂದು ರೂಪದಲ್ಲಿ. ನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಚುಚ್ಚಿಸಿಕೊಳ್ಳುತ್ತಿದ್ದ ಹಳೆಯ ಲಸಿಕೆಯನ್ನು ಕುರಿಯ ಮಿದುಳಿನಲ್ಲಿ ಬೆಳೆಸುತ್ತಿದ್ದರು. ಅದರಲ್ಲಿ ಉಳಿದ ನರದ ಅಂಶ ಕೆಲವರ ದೇಹವನ್ನು ತನ್ನದೇ ನರಗಳ ಮೇಲೆ ಕೆರಳಿಸುತ್ತಿತ್ತು. ಭಾರತ ಅದನ್ನು 2004-05ರ ಹೊತ್ತಿಗೆ ಕೈಬಿಟ್ಟಿತು. ಈಗ ತೋಳಿಗೆ ಕೊಡುವ ಲಸಿಕೆಯಲ್ಲಿ ನರದ ಅಂಶವೇ ಇಲ್ಲ. ನಾಯಿ ಕಚ್ಚಿದಾಗ ಅದನ್ನು ಹಾಕಿಸಿಕೊಳ್ಳಲು ಹಿಂದೆ ಮುಂದೆ ನೋಡಬಾರದು.

ಕ್ಯಾಂಪಿಲೋಬ್ಯಾಕ್ಟರ್ ಸೋಂಕು ತಗಲಿದ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಜಿಬಿಎಸ್ ಬರುತ್ತದೆ. ಉಳಿದ 999 ಜನ ಎದ್ದು ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಪ್ರತಿ ಜುಲಾಬಿಗೂ ಹೆದರಬೇಕಿಲ್ಲ, ಓಆರ್‌ಎಸ್ ಕುಡಿಯಬೇಕು: ಒಂದು ಪೊಟ್ಟಣಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಕಡಿಮೆಯೂ ಅಲ್ಲ ಹೆಚ್ಚೂ ಅಲ್ಲ. ಮಕ್ಕಳಿಗಾದರೆ ಜೊತೆಗೆ 14 ದಿನ ಜಿಂಕ್ ಮಾತ್ರೆ. ಆಶಾ ಕಾರ್ಯಕರ್ತೆಯರ ಹತ್ತಿರ ಎರಡೂ ಸಿಗುತ್ತವೆ. ಕುಟುಂಬ ಮಾಡಬೇಕಾದ ಇನ್ನೊಂದು ಸಣ್ಣ ಕೆಲಸವೆಂದರೆ ಜುಲಾಬು ಶುರುವಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು. ಮುಂದಿನ ನಾಲ್ಕು ವಾರದಲ್ಲಿ ಏನಾದರೂ ಏರುಪೇರಾದರೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

‘ಅಶಕ್ತಿ’ ಅಂದುಕೊಂಡು ಕಳೆಯುವ ಎರಡು ದಿನ

ಈ ರೋಗದಲ್ಲಿ ಕೆಡುಕು ಆಗುವುದು ಹೆಚ್ಚಾಗಿ ಮನೆಯಲ್ಲೇ, ಮೊದಲ ಎರಡು ದಿನದಲ್ಲಿ. “ಜುಲಾಬ ಹತ್ತಿತ್ತಲ್ಲಾ, ಅದಕ್ಕ ಅಶಕ್ತಿ ಬಂದದ. ಎರಡು ಸಲಾಯಿನ್ ಹಚ್ಚಿದ್ರ ತಾನ ಏಳ್ತಾನ ಬಿಡ್ರಿ” ಎಂಬ ಮಾತು ಈ ಕಡೆಯ ಯಾವ ಮನೆಯಲ್ಲಾದರೂ ಕೇಳೀತು. ಹೇಳುವವರ ಅಕ್ಕರೆ ದೊಡ್ಡದು, ಆದರೆ ಜುಲಾಬಿನ ನಿತ್ರಾಣಕ್ಕೂ ನರದ ಸೋಲಿಗೂ ಇರುವ ವ್ಯತ್ಯಾಸ ಅದರಲ್ಲಿ ಮರೆತುಹೋಗುತ್ತದೆ. ನಿತ್ರಾಣ ಇಡೀ ಮೈಗೆ ಬರುತ್ತದೆ, ಉಂಡು ಮಲಗಿ ಎದ್ದರೆ ಇಳಿಯುತ್ತದೆ. ಜಿಬಿಎಸ್‌ನ ಸೋಲು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಶುರುವಾಗಿ, ದಿನದಿಂದ ದಿನಕ್ಕೆ ಮೇಲೇರುತ್ತದೆ.

ಅದು ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ಹತ್ತಿರದಿಂದ ನೋಡಬೇಕು. ಪಾದದ ಬೆರಳಿಗೆ ಜೋಮು, ಇರುವೆ ಹರಿದ ಹಾಗೆ. ನಡೆಯುವಾಗ ಚಪ್ಪಲಿ ಜಾರಿ ಹಿಂದೆಯೇ ಉಳಿಯುತ್ತದೆ, ಹಿಂತಿರುಗಿ ನೋಡುವವರೆಗೂ ಗೊತ್ತಾಗುವುದಿಲ್ಲ. ನೆಲದಲ್ಲಿ ಊಟಕ್ಕೆ ಕೂತವರು ಏಳುವಾಗ ಗೋಡೆಗೋ ತೊಡೆಗೋ ಕೈ ಊರುತ್ತಾರೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಮಡಚಿಕೊಳ್ಳುತ್ತದೆ. ಬೆನ್ನು, ತೊಡೆಯಲ್ಲಿ ನೋವು ಕಾಣಿಸಿದರೆ ಮನೆಯವರು ಅದನ್ನು ಉಳುಕೆಂದು ಭಾವಿಸಿ ತಿಕ್ಕಿಸಲು ಕರೆದೊಯ್ಯುತ್ತಾರೆ. ಮರುದಿನ ಅನ್ನ ಕಲಸುವ ಕೈಯಲ್ಲಿ ಬಿಗಿ ಇರುವುದಿಲ್ಲ. ಕೆಲವರಿಗೆ ಮುಖದ ಎರಡೂ ಬದಿ ಸೋತು ಕಣ್ಣು ಪೂರ್ತಿ ಮುಚ್ಚದಂತಾಗುತ್ತದೆ, ನೀರು ನುಂಗುವಾಗ ಕೆಮ್ಮು ಬರುತ್ತದೆ. ಒಂದೇ ಉಸಿರಿನಲ್ಲಿ ಜೋರಾಗಿ ಎಣಿಸಲು ಹೇಳಿದಾಗ 20ರವರೆಗೂ ಮುಟ್ಟಲಾಗದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ ಎಂದೇ ಅರ್ಥ. 20 ದಾಟಿತೆಂದು ಮನೆಯಲ್ಲೇ ಉಳಿಯುವುದೂ ಸಲ್ಲದು. ಈ ರೋಗ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಉಸಿರಿಗೆ ಬರುತ್ತದೆ.

ಇಷ್ಟರಲ್ಲಿ ಯಾವುದೇ ಎರಡು ಕಂಡರೂ ಊರಿನ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗುವ ಸಮಯ ಅದಲ್ಲ. 108ಕ್ಕೆ ಕರೆ ಮಾಡಬೇಕು. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ಅಲ್ಲಿ ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಇದೆ, ಜನ ‘ಸಿವಿಲ್’ ಎನ್ನುವುದು ಅದಕ್ಕೇ. ಎಲ್ಲಿಗೆ ಹೋದರೂ ಕೇಳಬೇಕಾದದ್ದು ಒಂದೇ: ಐಸಿಯು ಹಾಸಿಗೆ, ವೆಂಟಿಲೇಟರ್ ಇದೆಯೇ? ಜಿಬಿಎಸ್ ಬಂದ ನೂರು ಜನರಲ್ಲಿ 20ರಿಂದ 30 ಮಂದಿಗೆ ಒಂದು ಹಂತದಲ್ಲಿ ವೆಂಟಿಲೇಟರ್ ಬೇಕಾಗುತ್ತದೆ.

ವೈದ್ಯರು ಸುತ್ತಿಗೆಯಿಂದ ಮೊಣಕಾಲು ತಟ್ಟಿ ನೋಡುತ್ತಾರೆ. ಜಿಬಿಎಸ್‌ನಲ್ಲಿ ಸಾಮಾನ್ಯವಾಗಿ ಕಾಲು ಚಿಮ್ಮುವುದಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಎಷ್ಟಿದೆ ಎಂದು ನೋಡಲೇಬೇಕು, ಏಕೆಂದರೆ ಭೇದಿಯಲ್ಲಿ ಪೊಟ್ಯಾಶಿಯಂ ಹರಿದುಹೋದರೂ ಕಾಲು ಸೋಲುತ್ತವೆ, ಅದರ ಚಿಕಿತ್ಸೆ ಪೂರ್ತಿ ಬೇರೆ. ನರಗಳ ವೇಗ ಅಳೆಯುವ ಪರೀಕ್ಷೆ, ಬೆನ್ನಿನಿಂದ ನೀರು ತೆಗೆದು ನೋಡುವ ಪರೀಕ್ಷೆಗಳಿವೆ. ಬೆನ್ನಿನ ನೀರು ತೆಗೆದರೆ ಸೊಂಟ ಹೋಗುತ್ತದೆಂಬ ಭಯ ನಮ್ಮಲ್ಲಿ ಬಲವಾಗಿದೆ, ಅದಕ್ಕೆ ಆಧಾರವಿಲ್ಲ. ಮೊದಲ ವಾರದಲ್ಲಿ ಆ ಪರೀಕ್ಷೆ ಸರಿಯಾಗಿದೆ ಎಂದು ಬಂದರೂ ರೋಗ ಇಲ್ಲವೆಂದಲ್ಲ. ರೋಗಿ 15 ವರ್ಷದೊಳಗಿನ ಮಗುವಾಗಿದ್ದರೆ ಇನ್ನೊಂದು ನಿಯಮ ಸೇರುತ್ತದೆ. ಹಠಾತ್ತಾಗಿ ಕಾಲು ಸೋತ ಪ್ರತಿ ಮಗುವಿನ ಮಾಹಿತಿ ಪೋಲಿಯೊ ನಿಗಾ ವ್ಯವಸ್ಥೆಗೆ ಹೋಗಬೇಕು, ಮಲದ ಎರಡು ಮಾದರಿಗಳನ್ನು 24 ಗಂಟೆಗಳ ಅಂತರದಲ್ಲಿ ಕಳಿಸಬೇಕು. ಭಾರತ ಪೋಲಿಯೊಮುಕ್ತವೆಂದು 2014ರಲ್ಲಿ ಪ್ರಮಾಣಪತ್ರ ಪಡೆದ ಮೇಲೂ ಈ ನಿಗಾ ನಿಂತಿಲ್ಲ.

ಚಿಕಿತ್ಸೆ ಎರಡು. ಇಮ್ಯುನೊಗ್ಲೋಬುಲಿನ್ ಇಂಜೆಕ್ಷನ್, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಿಸುವುದು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಒಂದಾದ ಮೇಲೆ ಇನ್ನೊಂದು ಮಾಡಿದರೆ ಹೆಚ್ಚಿನ ಲಾಭವಿಲ್ಲ. ಇಂಜೆಕ್ಷನ್ನಿನ ಲೆಕ್ಕ ತೂಕಕ್ಕೆ ತಕ್ಕಂತೆ, ಒಂದು ಕಿಲೋಗೆ ಒಟ್ಟು 2 ಗ್ರಾಂ, ಐದು ದಿನಕ್ಕೆ ಹಂಚಿ. 60 ಕಿಲೋ ತೂಗುವವರಿಗೆ 120 ಗ್ರಾಂ, ಅಂದರೆ 5 ಗ್ರಾಮಿನ 24 ಬಾಟಲಿ. ಬೀಡಿ ಕಟ್ಟುವ, ಮಗ್ಗ ನಡೆಸುವ ಮನೆ ಈ ಲೆಕ್ಕ ಕೇಳಿಯೇ ಕುಸಿಯುತ್ತದೆ. ಪ್ಲಾಸ್ಮಾ ಬದಲಿಸುವುದಕ್ಕೆ ಸಾಮಾನ್ಯವಾಗಿ ಖರ್ಚು ಕಡಿಮೆ, ಆ ಸೌಲಭ್ಯ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸ್ಟೆರಾಯ್ಡ್‌ನಿಂದ ಜಿಬಿಎಸ್‌ಗೆ ಉಪಯೋಗವಿಲ್ಲವೆಂದು ಪರೀಕ್ಷೆಗಳಲ್ಲೇ ಸಾಬೀತಾಗಿದೆ. ಹಣದ ವಿಚಾರದಲ್ಲಿ, ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ರೇಷನ್ ಕಾರ್ಡು, ಆಧಾರ್ ಹಿಡಿದು ಭರ್ತಿಯಾದ ದಿನವೇ ಅವರನ್ನು ಕಾಣಬೇಕು. ಸಹಾಯವಾಣಿ 155388. ಅಕ್ಕಲಕೋಟದ ಎಷ್ಟೋ ಕುಟುಂಬಗಳು ಕಲಬುರಗಿ, ವಿಜಯಪುರಕ್ಕೆ ಹೋಗುವ ರೂಢಿಯವರು. ರಾಜ್ಯದ ಯೋಜನೆ ಗಡಿ ದಾಟಿದರೆ ಎಲ್ಲ ಕಡೆ ನಡೆಯುವುದಿಲ್ಲ, ಕೇಂದ್ರದ ಆಯುಷ್ಮಾನ್ ಕಾರ್ಡು ನಡೆಯುತ್ತದೆ. ಆಂಬುಲೆನ್ಸ್ ಹತ್ತುವ ಮೊದಲೇ 14555ಕ್ಕೆ ಕರೆ ಮಾಡಿ ಕೇಳಿಕೊಂಡರೆ ನಡುದಾರಿಯ ಅಲೆದಾಟ ತಪ್ಪುತ್ತದೆ.

ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ನಾಲ್ಕು ವಾರದಲ್ಲಿ ಸೋಲು ತುದಿ ಮುಟ್ಟಿ ನಿಲ್ಲುತ್ತದೆ. ಆರು ತಿಂಗಳ ಹೊತ್ತಿಗೆ ನೂರಕ್ಕೆ 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಹಾಸಿಗೆಯಲ್ಲಿ ಅಲುಗಾಡದೆ ಮಲಗಿದವರ ಕಿವಿಗೆ ಈ ಮಾತನ್ನು ಮನೆಯವರು ಮತ್ತೆ ಮತ್ತೆ ಹಾಕಬೇಕು, ಅವರಿಗೆ ಎಲ್ಲವೂ ಕೇಳಿಸುತ್ತಿರುತ್ತದೆ.

ಮೈಟೊಕಾಂಡ್ರಿಯ ಎಲ್ಲಿ ಬಂತು?

ಸೋಂಕಿಗೂ ಸ್ವಂತ ದೇಹದ ಮೇಲಿನ ದಾಳಿಗೂ ನಡುವೆ ವಿಜ್ಞಾನಿಗಳು ಈಗ ಇನ್ನೊಂದು ಕೊಂಡಿಯನ್ನು ಶೋಧಿಸುತ್ತಿದ್ದಾರೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯವೇ ಆ ಕೊಂಡಿ. ನೂರು ಕೋಟಿ ವರ್ಷಗಳಿಗೂ ಹಿಂದೆ ಅದು ಸ್ವತಂತ್ರ ಬ್ಯಾಕ್ಟೀರಿಯಾವಾಗಿತ್ತು, ದೊಡ್ಡ ಕೋಶವೊಂದರ ಒಳಹೊಕ್ಕು ಅಲ್ಲೇ ನೆಲೆಸಿತು ಎಂದು ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಇಂದು ಅದನ್ನು ಎಲ್ಲರೂ ಒಪ್ಪಿದ್ದಾರೆ. ಆ ಹುಟ್ಟಿನ ಗುರುತು ಈಗಲೂ ಉಳಿದಿದೆ: ಅದಕ್ಕೆ ತನ್ನದೇ ಡಿಎನ್‌ಎ ಉಂಟು, ಬ್ಯಾಕ್ಟೀರಿಯಾದ್ದರಂತೆ ಉಂಗುರದ ಆಕಾರ, 16,569 ಅಕ್ಷರ, 37 ಜೀನು.

ಅದು ಕೋಶದ ಒಳಗೆ ತನ್ನ ಪಾಡಿಗಿದ್ದರೆ ತೊಂದರೆಯಿಲ್ಲ. ಸೋಂಕೋ ಪೆಟ್ಟೋ ಬಿದ್ದು ಕೋಶ ಒಡೆದು ಆ ಡಿಎನ್‌ಎ ರಕ್ತಕ್ಕೆ ಸೋರಿದರೆ, ಬ್ಯಾಕ್ಟೀರಿಯಾ ನುಗ್ಗಿತೆಂದು ದೇಹ ಎಚ್ಚೆತ್ತುಕೊಳ್ಳುತ್ತದೆ. 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಅಪಘಾತದಲ್ಲಿ ಗಾಯಗೊಂಡವರ ರಕ್ತದಲ್ಲಿ ಇದನ್ನು ತೋರಿಸಿಕೊಟ್ಟರು: ಸೋಂಕಿಲ್ಲದಿದ್ದರೂ ಮೈಟೊಕಾಂಡ್ರಿಯದ ಚೂರುಗಳೇ ಉರಿಯೂತ ಎಬ್ಬಿಸಿದ್ದವು. 2016ರಲ್ಲಿ ಲೂಪಸ್ ರೋಗಿಗಳ ಬಿಳಿ ರಕ್ತಕಣಗಳು ಹಾನಿಗೊಂಡ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೊರಚೆಲ್ಲುವುದು ಕಂಡುಬಂತು. ಸೋಂಕು, ಮೈಟೊಕಾಂಡ್ರಿಯ, ಸ್ವಂತ ದೇಹದ ಮೇಲಿನ ದಾಳಿ ಮೂರೂ ಒಂದೇ ಕಡೆ ಸೇರಿದಂತೆ ಕಾಣುವ ಕಾಯಿಲೆ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್. ಇದು ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು, ಪಿತ್ತಜನಕಾಂಗದ ಸಣ್ಣ ಪಿತ್ತನಾಳಗಳನ್ನು ಕೆಡಿಸುತ್ತದೆ. ನೂರರಲ್ಲಿ 90ಕ್ಕೂ ಹೆಚ್ಚು ರೋಗಿಗಳ ರಕ್ತದಲ್ಲಿ ಮೈಟೊಕಾಂಡ್ರಿಯದ ವಿರುದ್ಧವೇ ಪ್ರತಿಕಾಯ ಸಿಗುತ್ತದೆ. ಆ ಪ್ರತಿಕಾಯ ಹಿಡಿಯುವ ಪ್ರೋಟೀನಿಗೂ, ಉರಿಮೂತ್ರ ತರುವ ಇ. ಕೋಲೈ ಬ್ಯಾಕ್ಟೀರಿಯಾದ ಪ್ರೋಟೀನಿಗೂ ಹೋಲಿಕೆ ಇದೆ. ಈ ರೋಗಿಗಳಲ್ಲಿ ಹಿಂದೆ ಮೂತ್ರನಾಳದ ಸೋಂಕು ಪದೇ ಪದೇ ಬಂದದ್ದೂ ಹೆಚ್ಚು. ಕಾರಣ ಅದೇ ಎಂದು ಮುದ್ರೆ ಒತ್ತುವಷ್ಟು ಸಾಕ್ಷ್ಯ ಕೂಡಿಬಂದಿಲ್ಲ, ಅನುಮಾನ ಮಾತ್ರ ಗಟ್ಟಿಯಾಗಿದೆ. ವರ್ಷಗಟ್ಟಲೆ ಮೈ ತುರಿಕೆ, ವಿಪರೀತ ಸುಸ್ತು ಇದ್ದು ಚರ್ಮದ ಔಷಧಕ್ಕೆ ಬಗ್ಗದಿದ್ದರೆ ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಎಂದು ಒಮ್ಮೆ ನೋಡಿಸಿಕೊಳ್ಳಬಹುದು. ಬೇಗ ಗೊತ್ತಾದರೆ ಮಾತ್ರೆಯಲ್ಲೇ ತಡೆಯಬಹುದಾದ ಕಾಯಿಲೆ ಇದು.

ಮೈಟೊಕಾಂಡ್ರಿಯವನ್ನು ಖಳನಾಯಕನೆಂದು ಮಾಡಿಬಿಡುವುದು ಸರಿಯಲ್ಲ. ಜಿಬಿಎಸ್‌ನ ಹತ್ತಿರದ ಸಂಬಂಧಿಯಾದ ಮಿಲ್ಲರ್ ಫಿಶರ್ ಸಿಂಡ್ರೋಮಿನ ಪ್ರಯೋಗಗಳಲ್ಲಿ, ಪೆಟ್ಟುತಿಂದ ನರದ ತುದಿಯ ಮೈಟೊಕಾಂಡ್ರಿಯ ಹೊರಬಿಟ್ಟ ಹೈಡ್ರೋಜನ್ ಪೆರಾಕ್ಸೈಡ್, ನರವನ್ನು ದುರಸ್ತಿ ಮಾಡುವ ಕೋಶಗಳನ್ನು ಎಚ್ಚರಿಸಿದ್ದನ್ನು ಇಟಲಿಯ ಸಂಶೋಧಕರು ಕಂಡರು. ಉರಿಯೂತ ಎಬ್ಬಿಸುವ ಕೂಗೂ ಅದರದೇ, ನೆರವಿಗೆ ಕರೆಯುವ ಕೂಗೂ ಅದರದೇ.

ಇಲ್ಲಿಂದ ಮುಂದಕ್ಕೆ ಮಾರುಕಟ್ಟೆಯ ಮಾತು ಶುರುವಾಗುತ್ತದೆ. ‘ಮೈಟೊಕಾಂಡ್ರಿಯ ಬಲಪಡಿಸುವ’ ಕ್ಯಾಪ್ಸೂಲು, ಪುಡಿಗಳು ಮೊಬೈಲಿನ ಜಾಹೀರಾತಿನಲ್ಲಿ ದಿನಕ್ಕೆ ಹತ್ತು ಸಲ ಕಾಣುತ್ತವೆ. ಅವನ್ನು ನುಂಗಿ ಸಂಧಿವಾತವೋ ಲೂಪಸ್ಸೋ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಆ ದುಡ್ಡು ರೋಗಿಯ ಹಾಲು, ಮೊಟ್ಟೆ, ಬೇಳೆಗೆ ಹೋಗಲಿ.

ವಂಶದ ಪಾಲು ಎಷ್ಟು

ಸಾವಿರದಲ್ಲಿ ಒಬ್ಬನಿಗೇ ಏಕೆ? ಉತ್ತರದ ಒಂದು ಭಾಗ ಬ್ಯಾಕ್ಟೀರಿಯಾದ ತಳಿಯಲ್ಲಿದೆ, ಇನ್ನೊಂದು ಭಾಗ ಮನುಷ್ಯನ ಜೀನುಗಳಲ್ಲಿ. ಜಿಬಿಎಸ್ ಮಟ್ಟಿಗೆ ಜೀನಿನ ಪಾಲು ಕಡಿಮೆ. ಅದು ಕುಟುಂಬದಲ್ಲಿ ಸಾಗಿಬರುವುದು ತೀರಾ ಅಪರೂಪ. ಅಣ್ಣನಿಗೆ ಬಂದಿತ್ತೆಂದು ತಂಗಿಯ ಮದುವೆ ಮಾತುಕತೆ ನಿಲ್ಲಿಸುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಸಂಧಿವಾತ, ಬೆನ್ನೆಲುಬು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗಳಲ್ಲಿ ಜೀನಿನ ಪಾಲು ಹೆಚ್ಚು. ಎಚ್‌ಎಲ್‌ಎ ಎಂಬ ಜೀನುಗಳ ಗುಂಪು, ಹೊರಗಿನ ಚೂರು ಯಾವುದು, ತನ್ನದು ಯಾವುದು ಎಂದು ರಕ್ಷಣಾ ಕೋಶಗಳಿಗೆ ತೋರಿಸುವ ಕೆಲಸದ್ದು. ಎಚ್‌ಎಲ್‌ಎ-ಬಿ27ಕ್ಕೂ ಸ್ಪಾಂಡಿಲೈಟಿಸ್‌ಗೂ ನಂಟಿದೆಯೆಂದು 1973ರಲ್ಲೇ ಗೊತ್ತಾಯಿತು. ಅದೇ ಜೀನು ಇರುವವರಿಗೆ ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಹೊಟ್ಟೆಯ ಸೋಂಕಿನ ನಂತರ ಮೊಣಕಾಲು, ಹರಡು ಊದಿಕೊಳ್ಳುವ ಸಂಭವವೂ ಹೆಚ್ಚು. ಹಾಗೆಂದು ಬಿ27 ಪಾಸಿಟಿವ್ ಎಂಬ ಚೀಟಿ ರೋಗದ ಚೀಟಿಯಲ್ಲ, ಅದನ್ನು ಹೊತ್ತವರಲ್ಲಿ ಬಹುತೇಕರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಜೀನೊಂದೇ ರೋಗ ತರುವುದಿಲ್ಲ ಎಂಬುದನ್ನು ಬ್ರಿಟನ್ನಿನ ಅವಳಿಗಳ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಒಂದೇ ಅಂಡದಿಂದ ಹುಟ್ಟಿ, ಜೀನುಗಳೆಲ್ಲ ಒಂದೇ ಆಗಿದ್ದ ಅವಳಿಗಳಲ್ಲಿ ಒಬ್ಬರಿಗೆ ಸಂಧಿವಾತ ಬಂದಾಗ ಇನ್ನೊಬ್ಬರಿಗೂ ಬಂದದ್ದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಉಳಿದದ್ದನ್ನು ಸೋಂಕು, ತಂಬಾಕು, ಆಕಸ್ಮಿಕಗಳು ನಿರ್ಧರಿಸುತ್ತವೆ. 2022ರಲ್ಲಿ ಹಾರ್ವರ್ಡಿನ ತಂಡ ಒಂದು ಕೋಟಿಗೂ ಹೆಚ್ಚು ಅಮೆರಿಕದ ಸೈನಿಕ ಸಿಬ್ಬಂದಿಯ ದಾಖಲೆ ಜಾಲಾಡಿದಾಗ, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ, ಮಿದುಳು ಬೆನ್ನುಹುರಿಗಳ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅಪಾಯ 32 ಪಟ್ಟು ಏರಿದ್ದು ಕಂಡಿತು. ಆದರೂ ಜಗತ್ತಿನ ಬಹುತೇಕ ಎಲ್ಲರಿಗೂ ತಗಲುವ ಆ ವೈರಸ್ಸಿನಿಂದ ಕೆಲವರಿಗಷ್ಟೇ ರೋಗ ಬರುತ್ತದೆ. ಸೋಂಕೂ ಬೇಕು, ಸೋಂಕಿಗೆ ಎಡೆ ಕೊಡುವ ಮೈಯೂ ಬೇಕು.

ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಅದರ ಒಂದು ದೋಷ ಕಣ್ಣಿನ ನರವನ್ನು ಕೆಡಿಸುತ್ತದೆ. 1992ರಲ್ಲಿ ಲಂಡನ್ನಿನ ಅನಿತಾ ಹಾರ್ಡಿಂಗ್, ಅದೇ ದೋಷವಿದ್ದ ಕೆಲವು ಹೆಂಗಸರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥದೇ ಕಾಯಿಲೆ ಕಂಡದ್ದನ್ನು ವರದಿ ಮಾಡಿದರು. ಮೈಟೊಕಾಂಡ್ರಿಯದ ಜೀನು ಸ್ವಂತ ದೇಹದ ಮೇಲಿನ ದಾಳಿಗೆ ದಾರಿ ಮಾಡಬಹುದೇ ಎಂಬ ಪ್ರಶ್ನೆಗೆ ಬಲ ಬಂದದ್ದು ಅಲ್ಲಿಂದ. ಮನೆಮಂದಿಗೆ ನೇರವಾಗಿ ಬೇಕಾದ ಸಂಗತಿ ಬೇರೊಂದಿದೆ. ಮೈಟೊಕಾಂಡ್ರಿಯದ ಇನ್ನೊಂದು ದೋಷವಿದ್ದವರಿಗೆ ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಆ್ಯಂಟಿಬಯಾಟಿಕ್ ಕೊಟ್ಟರೆ ಕಿವಿ ಕೇಳದಂತಾಗಬಹುದು. ತಾಯಿ, ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರಲ್ಲಿ ಇಂಜೆಕ್ಷನ್ ಆದಮೇಲೆ ಕಿವಿ ಹೋದವರಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಈ ಭಾಗದಲ್ಲಿ ಇನ್ನೂ ಇದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗಲೇ ಕಾಣಿಸಿಕೊಳ್ಳುವ ಕಾಯಿಲೆಗಳು, ಮೈಟೊಕಾಂಡ್ರಿಯದ ಕೆಲವು ಕಾಯಿಲೆಗಳೂ ಸೇರಿದಂತೆ, ಇಂಥ ಮದುವೆಗಳಲ್ಲಿ ಹೆಚ್ಚುತ್ತವೆ. ಮನೆತನದಲ್ಲಿ ಚಿಕ್ಕಂದಿನಲ್ಲೇ ಫಿಟ್ಸ್, ಸ್ನಾಯು ಸೋಲು, ಕಾರಣ ತಿಳಿಯದ ಶಿಶುಮರಣ ಒಂದಕ್ಕಿಂತ ಹೆಚ್ಚು ಆಗಿದ್ದರೆ ಮುಂದಿನ ಮದುವೆಗೆ ಮೊದಲು ಅನುವಂಶೀಯ ಸಲಹೆ ಪಡೆಯುವುದು ಒಳಿತು. ಸಂಧಿವಾತದಂಥವಕ್ಕೆ ಈ ಲೆಕ್ಕ ಅಷ್ಟು ನೇರವಾಗಿ ಹೊಂದುವುದಿಲ್ಲ.

ಜ್ವರ ಬಿಟ್ಟ ಮೇಲೂ ಬಿಡದ ಕೀಲುನೋವು

ಈ ಸೀಮೆಯ ಜನ ಸೋಂಕಿನ ಬೆನ್ನಿಗೆ ಬರುವ ನೋವನ್ನು ಮೊದಲು ಸಾಮೂಹಿಕವಾಗಿ ಉಂಡದ್ದು 2006ರ ಚಿಕೂನ್‌ಗುನ್ಯದಲ್ಲಿ. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲೇ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ನೋವು ತಿಂಗಳುಗಟ್ಟಲೆ ಉಳಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜಿಬಿಎಸ್ ರೋಗಿಗಳನ್ನು ಪರೀಕ್ಷಿಸಿದಾಗ ಕ್ಯಾಂಪಿಲೋಬ್ಯಾಕ್ಟರ್ ಜೊತೆಗೆ ಚಿಕೂನ್‌ಗುನ್ಯ, ಡೆಂಗಿಗಳ ಕುರುಹೂ ಸಿಕ್ಕಿವೆ.

ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಯ ಭಿಗವಣ್‌ನಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ 4,092 ವಯಸ್ಕರನ್ನು ನೋಡಿತು. ಮೈಕೈ, ಕೀಲು ನೋವಿನವರು ನೂರಕ್ಕೆ 18. ನಿಜವಾದ ಸಂಧಿವಾತ ಇದ್ದದ್ದು ನೂರಕ್ಕೆ ಅರ್ಧ. ಅಂದರೆ ಕೀಲುನೋವೆಲ್ಲ ಸಂಧಿವಾತವಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳು ಮುಕ್ಕಾಲು ಗಂಟೆ, ಗಂಟೆ ಹೊತ್ತು ಬಿಗಿದು ರೊಟ್ಟಿ ತಟ್ಟಲಾಗದಿದ್ದರೆ, ಬೆರಳಿನ ಬುಡದ ಗೆಣ್ಣುಗಳು ಊದಿ ಆರು ವಾರ ದಾಟಿದರೆ ಸಂಧಿವಾತ ತಜ್ಞರನ್ನು ಕಾಣಬೇಕು. ಆರ್‌ಎ ಫ್ಯಾಕ್ಟರ್, ಎಎನ್‌ಎ ಎಂಬ ಪರೀಕ್ಷೆಗಳು ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತವೆ, ಸೋಂಕಿನ ನಂತರವಂತೂ ಇನ್ನೂ ಹೆಚ್ಚು. ಲ್ಯಾಬಿನ ಕಾಗದ ನೋಡಿ ತಾವೇ ರೋಗ ತೀರ್ಮಾನಿಸಬಾರದು. ಸಂತೆಯಲ್ಲಿ ಸಿಗುವ, ಒಂದೇ ದಿನಕ್ಕೆ ನೋವು ಓಡಿಸುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಮುಖ ಊದಿ, ಸಕ್ಕರೆ ಏರಿ, ಮೂಳೆ ಸವೆದ ಮೇಲೆ ರೋಗಿಗಳು ಆಸ್ಪತ್ರೆಗೆ ಬರುತ್ತಾರೆ. ಸಂಧಿವಾತಕ್ಕೆ ಬರೆಯುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿದರೆ ಪ್ರಾಣಕ್ಕೆ ಎರವು. ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಬೇಕು.

ಮಕ್ಕಳ ಗಂಟಲುನೋವನ್ನು ಹಗುರವಾಗಿ ಕಾಣಬಾರದು. ಸ್ಟ್ರೆಪ್ಟೊಕಾಕಸ್ ಸೋಂಕಾಗಿ ಎರಡು ಮೂರು ವಾರದ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಬಾವು, ಏದುಸಿರು ಕಂಡರೆ ಅದು ಹೃದಯದ ಕವಾಟ ಕೆಡಿಸುವ ರುಮಾಟಿಕ್ ಜ್ವರ ಇರಬಹುದು. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ತಪ್ಪಿಸದೆ ಕೊಡಿಸಿದರೆ ಹೃದಯ ಉಳಿಯುತ್ತದೆ.

ನಳಕ್ಕೆ ನೀರು ಬರುವ ದಿನ

ಜೀನು ಬದಲಿಸಲಾಗದು, ಮೈಟೊಕಾಂಡ್ರಿಯದ ಸಂಶೋಧನೆ ಮಾತ್ರೆಯಾಗಿ ಕೈಗೆ ಬರಲು ಕಾಲ ಬೇಕು. ಸೋಂಕನ್ನು ತಡೆಯುವ ಕೆಲಸ ಮಾತ್ರ ಇಂದೇ, ಅಡುಗೆಮನೆಯಲ್ಲೇ ಸಾಧ್ಯ. ಸಿದ್ಧರಾಮರು 12ನೆಯ ಶತಮಾನದಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ ಸೊಲ್ಲಾಪುರದಲ್ಲಿ ಇಂದು ಕುಡಿಯುವ ನೀರು ಬಹುಪಾಲು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಉಜನಿಯಿಂದ ಬರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನಳ ಬಿಡುವ ಪಾಡನ್ನು ಊರು ವರ್ಷಗಟ್ಟಲೆ ಉಂಡಿದೆ. ಕೊಳವೆ ಖಾಲಿ ಬಿದ್ದ ದಿನಗಳಲ್ಲಿ ಪಕ್ಕದ ಗಟಾರಿನ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ಆದ್ದರಿಂದ ನಳ ಬಂದಾಗ ಮೊದಲ ಹತ್ತು ನಿಮಿಷದ ನೀರು ಬಳಕೆಗಿರಲಿ, ಕುಡಿಯುವ ಕೊಡ ಆಮೇಲೆ ತುಂಬಲಿ. ಬ್ಯಾರಲ್ಲಿನಲ್ಲಿ ನಿಂತ ನೀರಿನ ಕ್ಲೋರಿನ್ ದಿನದಿಂದ ದಿನಕ್ಕೆ ಆರಿಹೋಗುತ್ತದೆ. ಮೊದಲ ದಿನ ಸುರಕ್ಷಿತವಾಗಿದ್ದ ನೀರು ನಾಲ್ಕನೆಯ ದಿನ ಹಾಗಿರುವುದಿಲ್ಲ. ಕುಡಿಯುವಷ್ಟನ್ನು ಆಯಾ ದಿನ ಕಾಯಿಸಬೇಕು: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಉರುವಲು ಕಡಿಮೆಯಿದ್ದರೆ ಆಶಾ ಕೊಡುವ ಮೆಡಿಕ್ಲೋರ್ ಬಾಟಲಿಯ ಮೇಲೆ ಬರೆದ ಅಳತೆಯಷ್ಟು ಹಾಕಿ ಅರ್ಧ ಗಂಟೆ ಬಿಡಬೇಕು. ಲೋಟ ಮುಳುಗಿಸಿ ತೆಗೆಯುವುದಕ್ಕಿಂತ ಹಿಡಿ ಉದ್ದದ ಸೌಟು, ಇಲ್ಲವೇ ಕೆಳಗೆ ನಳ ಇರುವ ಪಾತ್ರೆ ಮೇಲು.

ಅದೇ ಬ್ಯಾರಲ್ಲು, ಹೌದುಗಳಲ್ಲಿ ಡೆಂಗಿ, ಚಿಕೂನ್‌ಗುನ್ಯದ ಸೊಳ್ಳೆ ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆಯುತ್ತದೆ. ಮಹಾರಾಷ್ಟ್ರದ ಆರೋಗ್ಯ ಇಲಾಖೆಯವರು ಹೇಳುವ ‘ಕೋರಡಾ ದಿವಸ’, ಅಂದರೆ ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿ ಒಳಗೋಡೆ ತಿಕ್ಕಿ ಒಣಗಿಸುವ ದಿನ, ಇದಕ್ಕಾಗಿಯೇ ಇರುವುದು.

ಕೋಳಿ ತಂದ ದಿನ ಅದನ್ನು ನಳದ ಕೆಳಗೆ ತೊಳೆಯಬಾರದು. ಸಿಡಿದ ಹನಿ ಪಕ್ಕದ ಕೊತ್ತಂಬರಿ, ಸೌತೆಕಾಯಿಗೆ ತಾಗುತ್ತದೆ. ಮಾಂಸ ಕೊಯ್ದ ಇಳಿಗೆಯಲ್ಲಿ ತರಕಾರಿ ಹೆಚ್ಚಬಾರದು. ಮೂಳೆಯ ಹತ್ತಿರ ಕೆಂಪು ಉಳಿಯದಂತೆ ಬೇಯಬೇಕು. ಯಾತ್ರೆಯ ದಿನಗಳಲ್ಲಿ ಬಿಸಿ ಅನ್ನ, ಬಿಸಿ ಸಾರು ಎಲ್ಲಿ ಉಂಡರೂ ಭಯ ಕಡಿಮೆ. ರಸ್ತೆಬದಿಯ ಬರ್ಫು, ಕೊಯ್ದಿಟ್ಟ ಹಣ್ಣು, ತಂಪು ಚಟ್ನಿಗಳ ಬಗ್ಗೆ ಎಚ್ಚರ ಬೇಕು.

ಹಳ್ಳಿಗಳಲ್ಲಿ ಈ ಹೊಣೆ ಗ್ರಾಮ ಪಂಚಾಯಿತಿಯ ಜಲಸುರಕ್ಷಕನದು. ಊರ ಟಾಕಿಗೆ ಟಿಸಿಎಲ್ ಎಂಬ ಬ್ಲೀಚಿಂಗ್ ಪುಡಿ ಬೆರೆಸುವವರು ಅವರೇ: 1,000 ಲೀಟರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ, ಬಕೀಟಿನಲ್ಲಿ ಕದಡಿ ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿ ಮಾತ್ರ ಟಾಕಿಗೆ, ನಂತರ ಕನಿಷ್ಠ ಅರ್ಧ ಗಂಟೆ ಕಾದು ನಳ ಬಿಡಬೇಕು. ಬಾಯಿ ತೆರೆದು ತೇವ ಹಿಡಿದ ಚೀಲದ ಪುಡಿಗೆ ಬಲವಿರುವುದಿಲ್ಲ. ಸರಿಯಾಯಿತೋ ಇಲ್ಲವೋ ಎಂದು ನೋಡಲು ಓ.ಟಿ. ಪರೀಕ್ಷೆ ಇದೆ. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ, ಕ್ಲೋರಿನ್ ಇದ್ದಾಗ ಹಳದಿ ಬರುತ್ತದೆ. ಆ ನೀರನ್ನು ಚೆಲ್ಲಬೇಕು, ಕುಡಿಯುವಂತಿಲ್ಲ. ಪರೀಕ್ಷೆಯನ್ನು ಟಾಕಿಯ ಬುಡದಲ್ಲಿ ಮಾಡಿ ಮುಗಿಸಿದರೆ ಸಾಲದು, ಊರ ಕೊನೆಯ ಮನೆಯ ನಳದಲ್ಲಿ ಮಾಡಬೇಕು. ಅಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ನೀರಿನ ಮೂಲಗಳ ತಪಾಸಣೆ ಮಾಡಿ ಮಹಾರಾಷ್ಟ್ರದ ಆರೋಗ್ಯ ಇಲಾಖೆ ಪಂಚಾಯಿತಿಗಳಿಗೆ ಹಸಿರು, ಹಳದಿ, ಕೆಂಪು ಕಾರ್ಡು ಕೊಡುತ್ತದೆ. ತಮ್ಮೂರಿಗೆ ಯಾವ ಬಣ್ಣದ್ದು ಬಂದಿದೆ, ಓ.ಟಿ. ದಾಖಲೆಯ ವಹಿಯಲ್ಲಿ ಕಳೆದ ವಾರ ಏನು ಬರೆದಿದೆ ಎಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದು, ಪಂಚಾಯಿತಿಯವರು ವಹಿ ತೆರೆದು ತೋರಿಸಬೇಕು.